ಹೊಗೆ ಕೊಳವೆಯ ಬಾಯಿ ಯಾವ ಕಡೆ?

ರಜೆ ಬಂತೆಂದರೆ ಹಂಗಾರಕಟ್ಟೆ, ಕೋಡಿಬೆಂಗ್ರೆ ಕಡೆ ಹೌಸ್‌ಬೋಟ್ ಹತ್ತುವ ಉತ್ಸಾಹ. ಸಂತೋಷ, ಊರಿಗೂ ನಾಲ್ಕು ಕಾಸು ಬರುತ್ತದೆ. 2023ರ ಮೇ ತಿಂಗಳಲ್ಲಿ ಕೇರಳದ ತಾನೂರಿನಲ್ಲಿ ದೋಣಿ ಮಗುಚಿ 22 ಮಂದಿ ಸತ್ತ ಮೇಲೆ, ಜನ ಎಷ್ಟು ಹತ್ತಿದರು, ಲೈಫ್ ಜಾಕೆಟ್ ಎಷ್ಟಿದೆ ಅಂತ ಕೇಳುವ ಬುದ್ಧಿಯಾದರೂ ನಮಗೆ ಬಂದಿದೆ. ಆದರೆ ಜನರೇಟರಿನ ಹೊಗೆ ಎಲ್ಲಿಗೆ ಹೋಗುತ್ತದೆ ಅಂತ ಕೇಳಿದವರುಂಟೆ?

ನಗಬೇಡಿ. ಅಮೆರಿಕದ ಅರಿಝೋನಾ, ಯೂಟಾ ರಾಜ್ಯಗಳ ನಡುವೆ ಲೇಕ್ ಪೊವೆಲ್ ಎಂಬ ಅಣೆಕಟ್ಟಿನ ಹಿನ್ನೀರು ಇದೆ. 2000ದ ಆಗಸ್ಟ್‌ನಲ್ಲಿ ಅಲ್ಲಿ 11 ಮತ್ತು 8 ವರ್ಷದ ಅಣ್ಣ ತಮ್ಮಂದಿರು ಹೌಸ್‌ಬೋಟಿನ ಹಿಂಬದಿ ಈಜುತ್ತಿದ್ದವರು ಸತ್ತೇಹೋದರು. ಜನರೇಟರಿನ ಕೊಳವೆ ಹಿಂದಿನ ಹಲಗೆಯ ಅಡಿಗೆ ಬಾಯಿ ಬಿಟ್ಟಿತ್ತು. ಆ ಪೊಳ್ಳಿನಲ್ಲಿ ತುಂಬಿಕೊಂಡದ್ದು ಕಾರ್ಬನ್ ಮೊನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತಕ್ಕೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಸರ್ಕಾರದ ತಜ್ಞರು ಲೆಕ್ಕ ತೆಗೆದರೆ, 1990ರಿಂದ 2000ದೊಳಗೆ ಅದೊಂದೇ ನೀರಿನಲ್ಲಿ 111 ಮಂದಿಗೆ ಈ ವಿಷ ತಗಲಿತ್ತು. 74 ಮಂದಿ ಹೌಸ್‌ಬೋಟಿನವರು. ಕೊಳವೆಯನ್ನು ಚಾವಣಿಗಿಂತ ಮೇಲಕ್ಕೆತ್ತಿದರೆ ಹಲಗೆಯ ಬಳಿ ವಿಷ ಎಷ್ಟೋ ಕಡಿಮೆ ಅಂತ ಆಮೇಲೆ ಅಳೆದು ನೋಡಿದರು.

ದೋಣಿಯ ಕೋಣೆಗೆ ಹೊಗೆ ಹೇಗೆ ಬರುತ್ತದೆ ಅಂತೀರಾ? ಬಸ್ಸಿನ ಹಿಂದಿನ ಸೀಟಿನವರನ್ನು ಕೇಳಿ. ಬಸ್ ಮುಂದಕ್ಕೆ ಓಡುತ್ತದೆ, ಧೂಳು ಹೊಗೆ ಹಿಂದಿನಿಂದ ಒಳಗೆ ನುಗ್ಗುತ್ತದೆ. ದೋಣಿಗೂ ಅದೇ ನ್ಯಾಯ. ಮಳೆಗೆ ಟಾರ್ಪಾಲಿನ್ ಇಳಿಬಿಟ್ಟರೆ ಕೇಳುವುದೇ ಬೇಡ. ಪಕ್ಕದಲ್ಲಿ ಕಟ್ಟಿದ ದೋಣಿಯ ಹೊಗೆಯೂ ಸಾಕು.

"ನಮ್ಮದು ಡೀಸೆಲ್ ಸ್ವಾಮಿ" ಅಂತ ಮಾಲೀಕರು ಹೇಳಬಹುದು. ನಿಜ, ಡೀಸೆಲ್ಲಿನಲ್ಲಿ ಈ ಅನಿಲ ಕಡಿಮೆ. ಕಡಿಮೆ ಅಂದರೆ ಇಲ್ಲ ಅಂತಲ್ಲ. ಇನ್ನು ಕರೆಂಟ್ ಹೋದಾಗ ಓಡಿಸುವ ಸಣ್ಣ ಪೆಟ್ರೋಲ್ ಜನರೇಟರನ್ನು ದೋಣಿಗೆ ಹೊತ್ತು ತಂದರೋ, ಅಪಾಯ ಬಾಗಿಲಿಗೇ ಬಂತು. ಅಂಗಡಿಯವರು ಅದನ್ನು ಶಟರಿನ ಒಳಗೆ ಇಡುತ್ತಾರೆಯೇ? ಫುಟ್‌ಪಾತಿಗೆ ತಳ್ಳುತ್ತಾರೆ. (ನಡೆಯುವವರ ಗತಿ? ಆ ಮಾತು ಇನ್ನೊಂದು ದಿನ.)

ಪರವಾನಿಗೆ ಕೊಡುವವರು ಎರಡು ಕೆಲಸ ಮಾಡಲಿ. ಕೊಳವೆಯ ಬಾಯಿ ಎಲ್ಲಿದೆ ಅಂತ ಬಗ್ಗಿ ನೋಡಲಿ. ಮಲಗುವ ಪ್ರತಿ ಕೋಣೆಗೂ ಈ ಅನಿಲ ಕಂಡರೆ ಕೂಗುವ ಅಲಾರಂ ಕಡ್ಡಾಯ ಮಾಡಲಿ. ನಿದ್ದೆಯಲ್ಲಿದ್ದವನಿಗೆ ಎಚ್ಚರ ಹೇಳುವವರು ಬೇರೆ ಯಾರೂ ಇಲ್ಲ.

ದೋಣಿ ಹತ್ತುವವರಿಗೂ ಒಂದು ಮಾತು. ತಲೆನೋವು, ತಲೆಸುತ್ತು, ವಾಂತಿ ಅಂದರೆ ನೀರಿನ ಮೇಲಿನ ಓಲಾಟವೆಂದು ಕೋಣೆಯಲ್ಲಿ ಮಲಗಿಸಬೇಡಿ. ಎಂಜಿನ್, ಜನರೇಟರ್ ಎರಡನ್ನೂ ನಿಲ್ಲಿಸಿ ತೆರೆದ ಗಾಳಿಗೆ ತನ್ನಿ. ಆಸ್ಪತ್ರೆಯಲ್ಲಿ ದೋಣಿಯ ಹೊಗೆ ಕುಡಿದದ್ದು ಅಂತ ಬಾಯಿಬಿಟ್ಟು ಹೇಳಿ. ಬೆರಳಿಗೆ ಸಿಕ್ಕಿಸುವ ಸಾಮಾನ್ಯ ಮೀಟರ್ ಈ ವಿಷದಲ್ಲಿ ಎಲ್ಲ ಸರಿಯಿದೆ ಅಂತಲೇ ತೋರಿಸಬಹುದು.