ಪಕ್ಕದ ಕಾರ್ಖಾನೆಯ ಲೆಕ್ಕ ಕೇಳುವವರಲ್ಲಿ ನಾವೂ ಇರಬೇಕು

ಹೊರ ರಾಜ್ಯದಲ್ಲಿ ಮನೆ ಹುಡುಕುವಾಗ ನಾವು ಏನೇನೋ ವಿಚಾರಿಸುತ್ತೇವೆ. ಸ್ಟೇಷನ್ ಎಷ್ಟು ದೂರ, ನೀರು ಎಷ್ಟು ಹೊತ್ತು ಬರುತ್ತದೆ, ಮಕ್ಕಳ ಶಾಲೆ ಎಲ್ಲಿದೆ, ಅಕ್ಕಪಕ್ಕ ಕನ್ನಡದವರು ಇದ್ದಾರೆಯೇ. ಬಾಲ್ಕನಿಯಿಂದ ಕಾಣುವ ಚಿಮಣಿ ಯಾವ ಕಾರ್ಖಾನೆಯದು, ಅದರ ಟ್ಯಾಂಕಿನಲ್ಲಿ ಏನು ತುಂಬಿಟ್ಟಿದ್ದಾರೆ ಎಂದು ಮಾತ್ರ ಕೇಳುವುದಿಲ್ಲ. ಮುಂಬೈಯ ಚೆಂಬೂರು–ಮಾಹುಲ್, ಡೊಂಬಿವಲಿಯ ಎಂಐಡಿಸಿ, ಚೆನ್ನೈನ ಮಣಲಿ, ಹೈದರಾಬಾದಿನ ಪಟಾನ್‌ಚೆರು, ಎಲ್ಲ ಕಡೆಯೂ ಕಾರ್ಖಾನೆಯ ಗೋಡೆ ಮತ್ತು ವಸತಿ ಬಡಾವಣೆಯ ನಡುವಿನ ಅಂತರ ಕಿರಿದಾಗುತ್ತಲೇ ಬಂದಿದೆ.

ಇದು ಸುಮ್ಮನೆ ಹುಟ್ಟಿಸುವ ಭಯವಲ್ಲ. ಡೊಂಬಿವಲಿಯ ಎಂಐಡಿಸಿಯಲ್ಲಿ 2016ರ ಮೇ 26ರಂದು ಸ್ಫೋಟವಾಯಿತು. ಎಂಟು ವರ್ಷಗಳ ನಂತರ, 2024ರ ಮೇ 23ರಂದು, ಅದೇ ಕೈಗಾರಿಕಾ ಪ್ರದೇಶದಲ್ಲಿ ಇನ್ನೊಂದು ಕಾರ್ಖಾನೆ ಸ್ಫೋಟಿಸಿತು. ಎರಡೂ ಸಲ ಸುತ್ತಲಿನ ಮನೆಗಳ ಕಿಟಕಿ ಗಾಜು ಪುಡಿಯಾಯಿತು. 2025ರ ಜೂನ್ 30ರಂದು ಪಟಾನ್‌ಚೆರು ಸಮೀಪದ ಪಾಶಮೈಲಾರಂನ ಔಷಧ ಕಾರ್ಖಾನೆಯಲ್ಲಿ ನಡೆದ ಸ್ಫೋಟ 50ಕ್ಕೂ ಹೆಚ್ಚು ಜೀವಗಳನ್ನು ಬಲಿ ತೆಗೆದುಕೊಂಡಿತು. ಸತ್ತವರಲ್ಲಿ ಬಹಳಷ್ಟು ಮಂದಿ ಬೇರೆ ರಾಜ್ಯಗಳಿಂದ ಕೆಲಸಕ್ಕೆ ಬಂದವರು.

ವಿಶಾಖಪಟ್ಟಣದ ಪ್ರಕರಣವನ್ನು ಸ್ವಲ್ಪ ವಿವರವಾಗಿ ನೋಡಬೇಕು. 2020ರ ಮೇ 7ರ ನಸುಕಿನ ಮೂರು ಗಂಟೆಯ ಹೊತ್ತಿಗೆ ಎಲ್‌ಜಿ ಪಾಲಿಮರ್ಸ್‌ನ ಟ್ಯಾಂಕಿನಿಂದ ಸ್ಟೈರೀನ್ ಆವಿ ಹೊರಬಂದು ವೆಂಕಟಾಪುರಂನ ಮನೆಗಳೊಳಗೆ ನುಗ್ಗಿತು. 12 ಜನ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಆಂಧ್ರ ಸರ್ಕಾರ ನೇಮಿಸಿದ ಉನ್ನತಾಧಿಕಾರ ಸಮಿತಿಯ ವರದಿಯಲ್ಲಿ ಒಂದು ಸಂಗತಿ ಎದ್ದು ಕಾಣುತ್ತದೆ. ಕಾರ್ಖಾನೆಯಲ್ಲಿ ಸೈರನ್ ಮೊಳಗಿಸುವ ಸ್ವಿಚ್‌ಗಳು 36 ಕಡೆ ಇದ್ದವು. ಒಂದನ್ನೂ ಯಾರೂ ಒತ್ತಲಿಲ್ಲ.

ಭೋಪಾಲದಲ್ಲೂ ಆದದ್ದು ಇದೇ. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್‌ನ ಸಾರ್ವಜನಿಕ ಸೈರನ್ ಸ್ವಲ್ಪ ಹೊತ್ತು ಕೂಗಿ ನಿಂತಿತು. ಆಸ್ಪತ್ರೆಗೆ ಓಡಿಬಂದವರ ದೇಹ ಸೇರಿದ ಅನಿಲ ಯಾವುದೆಂದು ವೈದ್ಯರಿಗೆ ತಿಳಿದಿರಲಿಲ್ಲ. ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಳ್ಳಿ ಎಂಬಷ್ಟು ಸರಳ ಸೂಚನೆಯೂ ಜನರಿಗೆ ಸಿಕ್ಕಿರಲಿಲ್ಲ. ಪತ್ರಕರ್ತ ರಾಜಕುಮಾರ್ ಕೇಸ್ವಾನಿ 1982ರಿಂದಲೇ ತಮ್ಮ ಪುಟ್ಟ ವಾರಪತ್ರಿಕೆಯಲ್ಲಿ ಈ ಅಪಾಯದ ಬಗ್ಗೆ ಎಚ್ಚರಿಸಿ ಬರೆದಿದ್ದರು. ಕೇಳುವವರು ಇರಲಿಲ್ಲ.

ಭೋಪಾಲದ ನಂತರ ಕಾನೂನು ಬದಲಾಯಿತು. ಎಷ್ಟು ಬದಲಾಯಿತೆಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. 1987ರಲ್ಲಿ ಆಗಿನ ಕಾರ್ಖಾನೆ ಕಾಯ್ದೆಗೆ ಸೇರಿಸಿದ 41ಬಿ ಕಲಮು, ಅಪಾಯಕಾರಿ ಕಾರ್ಖಾನೆಯವರು ಕಾರ್ಮಿಕರಿಗಷ್ಟೇ ಅಲ್ಲ, ಸುತ್ತಮುತ್ತಲಿನ ಸಾರ್ವಜನಿಕರಿಗೂ ಅಪಾಯದ ಮಾಹಿತಿ ಕೊಡಬೇಕೆಂದು ಹೇಳಿತು. 1989ರ ನಿಯಮಗಳು ಕಾರ್ಖಾನೆಯೊಳಗೆ ಆರು ತಿಂಗಳಿಗೊಮ್ಮೆ, ಹೊರಗಿನ ಜನವಸತಿಗಾಗಿ ವರ್ಷಕ್ಕೊಮ್ಮೆ ಅಣಕು ಕಾರ್ಯಾಚರಣೆ ನಡೆಸಬೇಕೆಂದವು. 1996ರ ರಾಸಾಯನಿಕ ಅಪಘಾತ ನಿಯಮಗಳು ಇನ್ನೂ ಮುಂದೆ ಹೋಗಿ, ಕೇಂದ್ರದಿಂದ ಹಿಡಿದು ಕೈಗಾರಿಕಾ ಪ್ರದೇಶದವರೆಗೆ ಬಿಕ್ಕಟ್ಟು ನಿರ್ವಹಣೆಯ ತಂಡಗಳನ್ನು ರಚಿಸಿದವು. ಇವುಗಳಲ್ಲಿ ಕೆಳಹಂತದ್ದು ಲೋಕಲ್ ಕ್ರೈಸಿಸ್ ಗ್ರೂಪ್. ಅದು ತಿಂಗಳಿಗೊಮ್ಮೆ ಸಭೆ ಸೇರಬೇಕು. ಅದರಲ್ಲಿ ಅಧಿಕಾರಿಗಳು ಮತ್ತು ಕಾರ್ಖಾನೆಯವರ ಜೊತೆಗೆ ಸ್ಥಳೀಯ ವೈದ್ಯರು, ಸಮಾಜ ಸೇವಕರು, ಸ್ವಯಂಸೇವಾ ಸಂಸ್ಥೆಯ ಪ್ರತಿನಿಧಿ, ಊರಿನ ಮುಖಂಡರು, ಸ್ಥಳೀಯ ಪತ್ರಿಕೆಯ ಸಂಪಾದಕರು ಇರಬೇಕು.

ಅಂದರೆ ನಾಗರಿಕರಿಗೆ ಕುರ್ಚಿ ಹಾಕಿ ಸುಮಾರು 30 ವರ್ಷಗಳಾದವು. ಆ ಕುರ್ಚಿಯಲ್ಲಿ ಯಾರು ಕೂತಿದ್ದಾರೆ? ನಿಮ್ಮ ಪ್ರದೇಶದಲ್ಲಿ ಕಳೆದ ಸಭೆ ಯಾವಾಗ ನಡೆಯಿತು? ನಿಮ್ಮ ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿಯನ್ನು ಒಮ್ಮೆ ಕೇಳಿ ನೋಡಿ.

ಅಣುವಿದ್ಯುತ್ ಕ್ಷೇತ್ರದಲ್ಲಿ ಇಂಥ ಕುರ್ಚಿಯೇ ಇಲ್ಲ. ಅಲ್ಲಿ ಜನರ ಮಾತು ಕೇಳುವುದು ಮುಖ್ಯವಾಗಿ ಯೋಜನೆಗೆ ಮೊದಲಿನ ಸಾರ್ವಜನಿಕ ಅಹವಾಲು ಸಭೆಯಲ್ಲಿ. ಆಮೇಲೆ ಸ್ಥಾವರ ನಾಲ್ಕೈದು ದಶಕ ನಡೆಯುತ್ತದೆ, ನೆರೆಯವರಿಗೆ ಪ್ರಶ್ನೆ ಕೇಳುವ ಕಾಯಂ ವೇದಿಕೆ ಇರುವುದಿಲ್ಲ. ಕೈಗಾದ ಕಥೆ ನಮಗೆ ಗೊತ್ತೇ ಇದೆ. ಶಿವರಾಮ ಕಾರಂತರು ಆ ಯೋಜನೆಯನ್ನು ವಿರೋಧಿಸಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಗೆ ನಿಂತರು, ಸೋತರು. 1994ರ ಮೇ 13ರಂದು ನಿರ್ಮಾಣ ಹಂತದಲ್ಲಿದ್ದ ಒಳಗುಮ್ಮಟದ ಕಾಂಕ್ರೀಟು ಕುಸಿದುಬಿತ್ತು. ಇಂಧನ ತುಂಬಿರಲಿಲ್ಲವಾದ್ದರಿಂದ ದೊಡ್ಡ ಅನಾಹುತ ತಪ್ಪಿತು. 2009ರ ನವೆಂಬರಿನಲ್ಲಿ ಸ್ಥಾವರದೊಳಗಿನ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಸೇರಿ ಹತ್ತಾರು ಸಿಬ್ಬಂದಿಯ ದೇಹ ಹೊಕ್ಕಿತು. ಕಾರಂತರ ವಿರೋಧವನ್ನು ಒಪ್ಪದವರೂ ಇಂಥ ಘಟನೆಗಳ ವಿವರ ಕೇಳುವ ಹಕ್ಕು ಸುತ್ತಲಿನ ಹಳ್ಳಿಗಳಿಗೆ ಇರಬೇಕೆಂಬುದನ್ನು ಅಲ್ಲಗಳೆಯಲಾರರು.

1983ರಲ್ಲಿ ಸ್ಥಾಪನೆಯಾದ ಅಣುಶಕ್ತಿ ನಿಯಂತ್ರಣ ಮಂಡಳಿಗೆ ಸ್ವಾಯತ್ತತೆ ಸಾಲದೆಂದು 2012ರಲ್ಲಿ ಸಿಎಜಿ ಹೇಳಿತು. 2025ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ ಶಾಂತಿ ಕಾಯ್ದೆ ಮಂಡಳಿಗೆ ಶಾಸನಬದ್ಧ ಸ್ಥಾನ ಕೊಟ್ಟಿದೆ, ಜೊತೆಗೆ ಖಾಸಗಿ ಕಂಪನಿಗಳಿಗೂ ಈ ಕ್ಷೇತ್ರದ ಬಾಗಿಲು ತೆರೆದಿದೆ. ಖಾಸಗಿಯವರು ಬರುವ ಹೊತ್ತಿನಲ್ಲಿ ನೆರೆಹೊರೆಯ ಕಣ್ಗಾವಲು ಇನ್ನಷ್ಟು ಬೇಕು. ಮಾದರಿ ದೂರದಲ್ಲಿಲ್ಲ. ವಿದ್ಯುತ್ತಿಗೆ ಅಣುಸ್ಥಾವರಗಳನ್ನೇ ಹೆಚ್ಚಾಗಿ ನಂಬಿರುವ ಫ್ರಾನ್ಸ್‌ನಲ್ಲಿ 1981ರಿಂದ ಸ್ಥಾವರಗಳ ಸುತ್ತ ಸ್ಥಳೀಯ ಮಾಹಿತಿ ಸಮಿತಿಗಳಿವೆ. 2006ರ ಕಾನೂನು ಅವಕ್ಕೆ ಗಟ್ಟಿ ನೆಲೆ ಕೊಟ್ಟಿತು. ಸ್ಥಳೀಯ ಜನಪ್ರತಿನಿಧಿಗಳು, ಪರಿಸರ ಸಂಘಟನೆಗಳು, ಕಾರ್ಮಿಕ ಸಂಘಗಳು, ತಜ್ಞರು ಅದರಲ್ಲಿ ಕೂರುತ್ತಾರೆ. ಅವರು ಸ್ವತಂತ್ರ ಪರೀಕ್ಷೆ ಮಾಡಿಸಬಹುದು. ಅದರಿಂದ ಅಲ್ಲಿನ ಸ್ಥಾವರಗಳೇನೂ ಬಾಗಿಲು ಹಾಕಿಲ್ಲ.

ಸಾಮಾನ್ಯ ಜನರಿಗೆ ತಂತ್ರಜ್ಞಾನ ಅರ್ಥವಾಗದು, ಮಾಹಿತಿ ಕೊಟ್ಟರೆ ಗಾಬರಿಯಾಗುತ್ತಾರೆ ಎಂಬುದು ಹಳೆಯ ವಾದ. ಮಾಹಿತಿ ಕೊಡದಿದ್ದರೆ ಏನಾಗುತ್ತದೆ ಎಂಬುದನ್ನು 2011ರಲ್ಲಿ ಫುಕುಶಿಮಾ ತೋರಿಸಿತು. ವಿಕಿರಣ ಯಾವ ದಿಕ್ಕಿಗೆ ಹರಡೀತು ಎಂದು ಅಂದಾಜಿಸುವ ವ್ಯವಸ್ಥೆ ಸರ್ಕಾರದ ಬಳಿ ಇತ್ತು. ಅದರ ಲೆಕ್ಕ ಜನರಿಗೆ ಸಕಾಲದಲ್ಲಿ ತಲುಪದೆ, ನಾಮಿಯೆ ಪಟ್ಟಣದ ಅನೇಕರು ಹೆಚ್ಚು ವಿಕಿರಣ ಬಿದ್ದ ಕಡೆಗೇ ಓಡಿಹೋಗಿ ತಂಗಿದರು. ಜಪಾನಿನ ಸಂಸತ್ತು ನೇಮಿಸಿದ ಸ್ವತಂತ್ರ ಆಯೋಗ 2012ರಲ್ಲಿ ಇದನ್ನು ಮನುಷ್ಯ ಮಾಡಿದ ದುರಂತ ಎಂದೇ ಕರೆಯಿತು. ಇತ್ತ ಸೇಫ್‌ಕಾಸ್ಟ್ ಎಂಬ ಸ್ವಯಂಸೇವಕರ ಗುಂಪು ಕಾರುಗಳಿಗೆ ಅಳತೆಯ ಸಾಧನ ಕಟ್ಟಿಕೊಂಡು ಬೀದಿಬೀದಿಯ ವಿಕಿರಣ ಅಳೆದು, ಅಂಕಿಗಳನ್ನು ಎಲ್ಲರ ಮುಂದಿಟ್ಟಿತು. ಇಂಥ ಕೆಲಸಕ್ಕೆ ಬೇಕಾದವರು ನಮ್ಮಲ್ಲೇ ಇದ್ದಾರೆ: ಎಂಜಿನಿಯರುಗಳು, ವೈದ್ಯರು, ಲೆಕ್ಕಪರಿಶೋಧಕರು, ಸಾಫ್ಟ್‌ವೇರಿನವರು.

ನಮ್ಮನ್ನು ತಡೆಯುತ್ತಿರುವುದು ಅಜ್ಞಾನಕ್ಕಿಂತ ಹೆಚ್ಚಾಗಿ ಸಂಕೋಚ. ಹೊಟ್ಟೆಪಾಡಿಗೆ ಬಂದವರು, ಪರವೂರಿನ ಉಸಾಬರಿ ನಮಗೇಕೆ ಎಂಬ ಮನಸ್ಸು. ಆದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಲು ಆ ಊರಿನ ಮತದಾರರಾಗಿರಬೇಕಿಲ್ಲ, ದೇಶದ ಪ್ರಜೆಯಾಗಿದ್ದರೆ ಸಾಕು. ಜಿಲ್ಲಾಧಿಕಾರಿ ಕಚೇರಿಗೆ ಮೂರೇ ಪ್ರಶ್ನೆ ಕಳಿಸಿ. ಲೋಕಲ್ ಕ್ರೈಸಿಸ್ ಗ್ರೂಪ್‌ನ ಸದಸ್ಯರು ಯಾರು? ಕಳೆದ ವರ್ಷದ ಸಭೆಗಳ ನಡಾವಳಿ ಏನು? ಜನವಸತಿಯನ್ನು ಒಳಗೊಂಡ ಅಣಕು ಕಾರ್ಯಾಚರಣೆ ಕೊನೆಯ ಬಾರಿ ನಡೆದದ್ದು ಯಾವಾಗ?

ನಾವು ಕೇಳಬೇಕಾದ ನಾಲ್ಕನೆಯ ಪ್ರಶ್ನೆಯೂ ಒಂದಿದೆ. ಎಚ್ಚರಿಕೆಯ ಸೂಚನೆಗಳು ಯಾವ ಭಾಷೆಯಲ್ಲಿವೆ? ಕಲಬುರಗಿ, ಯಾದಗಿರಿ ಕಡೆಯಿಂದ ಕೂಲಿಗೆ ಬಂದು ಕಾರ್ಖಾನೆಯ ಗೋಡೆಗೇ ಒರಗಿದ ಶೆಡ್ಡಿನಲ್ಲಿ ಮಲಗುವ ನಮ್ಮವರಿಗೆ ಮರಾಠಿಯ, ತೆಲುಗಿನ, ತಮಿಳಿನ ಫಲಕ ಓದಲು ಬಾರದಿರಬಹುದು. ಒಡಿಶಾ, ಬಿಹಾರದವರ ಪಾಡೂ ಅದೇ. ನಮ್ಮ ಕನ್ನಡ ಸಂಘಗಳು ರಾಜ್ಯೋತ್ಸವದ ವೇದಿಕೆಗೆ ಹಾಕುವ ಶ್ರಮದಲ್ಲಿ ಒಂದು ಪಾಲನ್ನು ಇದಕ್ಕೆ ಕೊಡಲಿ. ಸೈರನ್ ಕೇಳಿದರೆ ಗಾಳಿಗೆ ಅಡ್ಡಲಾಗಿ ಎತ್ತ ಸರಿಯಬೇಕು, ಮುಖಕ್ಕೆ ಏನು ಕಟ್ಟಿಕೊಳ್ಳಬೇಕು, ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಕನ್ನಡದಲ್ಲಿ ಒಂದೇ ಹಾಳೆಗೆ ಅಚ್ಚು ಹಾಕಿಸಿ, ಅಗ್ನಿಶಾಮಕ ಅಧಿಕಾರಿಗೆ ತೋರಿಸಿ ಸರಿಪಡಿಸಿಕೊಂಡು, ಆ ಶೆಡ್ಡುಗಳಿಗೆ ತಲುಪಿಸಬಹುದು. ಮುಂದಿನ ಸೊಸೈಟಿ ಸಭೆಯ ವಿಷಯಪಟ್ಟಿಯಲ್ಲಿ ಪಾರ್ಕಿಂಗ್ ಮತ್ತು ಲಿಫ್ಟ್ ರಿಪೇರಿಯ ಜೊತೆಗೆ ಈ ನಾಲ್ಕು ಪ್ರಶ್ನೆಗಳನ್ನೂ ಸೇರಿಸಿ.