ಹಳೆಯ ಗಣಕ ಮಾತು ಬಿಟ್ಟಾಗ

ನಿಮ್ಮ ಶಾಲೆಯ ಪ್ರಯೋಗಾಲಯದ ಮೂಲೆಯಲ್ಲೋ ಮನೆಯ ಅಟ್ಟದ ಮೇಲೋ ಒಂದು ಹಳೆಯ ಗಣಕಯಂತ್ರ ಧೂಳು ತಿನ್ನುತ್ತ ಕುಳಿತಿರಬಹುದು. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ಅನೇಕ ಕಡೆ ನಾನು ಇಂಥವನ್ನು ಕಂಡಿದ್ದೇನೆ. ಸರಕಾರಿ ಹೈಸ್ಕೂಲುಗಳಿಗೆ ‘ಮಾಹಿತಿ ಸಿಂಧು’ ಯೋಜನೆ ಬಂದದ್ದು, ತಾಲೂಕು ಕಚೇರಿಯಲ್ಲಿ ‘ಭೂಮಿ’ ಯೋಜನೆಯಿಂದ ಪಹಣಿ, ಅಂದರೆ ನಮ್ಮ ಕಡೆಯ ಉತಾರ, ಗಣಕದಿಂದ ಅಚ್ಚಾಗಿ ಬರತೊಡಗಿದ್ದು ಎರಡೂ 2001ರ ಆಸುಪಾಸಿನ ಮಾತು. ಅದೇ ಕಾಲಕ್ಕೆ ಪೇಟೆಯ ಅಂಗಡಿಕಾರರೂ ಲೆಕ್ಕ ಬರೆಯಲು ಗಣಕ ಕೊಂಡರು. ಆ ಯಂತ್ರಗಳ ಬೆನ್ನಿಗೆ ಟೆಲಿಫೋನ್ ಸಾಕೆಟ್ಟಿಗಿಂತ ತುಸು ಅಗಲವಾದ ಒಂದು ಕಿಂಡಿ ಇರುತ್ತದೆ. ಅದರ ಹಿಂದಿರುವುದೇ ನೆಟ್‌ವರ್ಕ್ ಕಾರ್ಡ್. ಒಂದು ಗಣಕ ಇನ್ನೊಂದರ ಜೊತೆ ಮಾತಾಡುವುದು ಇದರ ಮೂಲಕ.

ಈ ಮಾತುಕತೆಯ ಪದ್ಧತಿಗೆ ಈಥರ್‌ನೆಟ್ ಎಂದು ಹೆಸರು. 1973ರಲ್ಲಿ ಅಮೆರಿಕದ ಝೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್ಕಾಫ್ ಮತ್ತು ಡೇವಿಡ್ ಬಾಗ್ಸ್ ಇದನ್ನು ರೂಪಿಸಿದರು. ಬೆಳಕಿನ ಅಲೆಗಳಿಗೆ ಆಧಾರವೆಂದು ಹಿಂದಿನ ವಿಜ್ಞಾನಿಗಳು ಕಲ್ಪಿಸಿದ್ದ, ಆಮೇಲೆ ಇಲ್ಲವೇ ಇಲ್ಲ ಎಂದು ತೀರ್ಮಾನವಾದ ‘ಈಥರ್’ ಎಂಬ ವಸ್ತುವಿನ ಹೆಸರನ್ನೇ ಇದಕ್ಕೆ ಇಟ್ಟರು. ಪಿ.ಯು.ಸಿ. ಭೌತಶಾಸ್ತ್ರ ಓದಿದವರಿಗೆ ನಗು ಬಂದೀತು.

ಕಳೆದ ವರ್ಷ ಹಿರೇಕೆರೂರು ಕಡೆಯ ಒಬ್ಬ ಹತ್ತನೆಯ ತರಗತಿಯ ಹುಡುಗಿ ಒಂದು ಪ್ರಶ್ನೆ ತಂದಳು. ತಂದೆಯದು ಬೀಜ, ಗೊಬ್ಬರದ ಅಂಗಡಿ. ವಿಂಡೋಸ್ 98 ಇರುವ ಹಳೆಯ ಗಣಕದಲ್ಲಿ ಹದಿನೆಂಟು ವರ್ಷದ ಉದ್ರಿ ಖಾತೆ ಇತ್ತು. ಒಬ್ಬ ರೈತರು ತಾವು ಬಾಕಿ ತೀರಿಸಿದ್ದೇವೆ ಎನ್ನುತ್ತಿದ್ದರು, ಅಂಗಡಿಯ ಹೊಸ ಪುಸ್ತಕ ಬಾಕಿ ಇದೆ ಎನ್ನುತ್ತಿತ್ತು. ಎರಡು ಮನೆಗಳ ನಡುವೆ ಮಾತು ನಿಲ್ಲುವ ಹಂತಕ್ಕೆ ಬಂದಿತ್ತು. ಗಣಕ ಚಾಲೂ ಆಗುತ್ತಿತ್ತಾದರೂ ಅದರೊಳಗಿನ ಹಳೆಯ ಪ್ರಿಂಟರ್ ಜೋಡಣೆ ಕೆಟ್ಟಿತ್ತು, ಫ್ಲಾಪಿ ಡ್ರೈವ್ ಸತ್ತಿತ್ತು. ವಿಂಡೋಸ್ 98 ಪೆನ್‌ಡ್ರೈವನ್ನು ತಾನಾಗಿ ಗುರುತಿಸುವುದಿಲ್ಲ, ಪ್ರತಿ ಪೆನ್‌ಡ್ರೈವಿಗೂ ಬೇರೆ ಡ್ರೈವರ್ ತಂತ್ರಾಂಶ ಬೇಕು. ಹಾರ್ಡ್ ಡಿಸ್ಕ್ ಬಿಚ್ಚಿ ಒಯ್ಯಲು ತಂದೆಗೆ ಧೈರ್ಯವಿಲ್ಲ. ಉಳಿದ ಬಾಗಿಲು ನೆಟ್‌ವರ್ಕ್ ಕಾರ್ಡ್ ಒಂದೇ. ಅದೂ ಕೆಲಸ ಮಾಡುತ್ತಿರಲಿಲ್ಲ. ನೋಡಲು ಬಂದ ರಿಪೇರಿಯವರು “ಕಾರ್ಡೂ ಹೋಗೈತಿ, ಮದರ್‌ಬೋರ್ಡೂ ಹೋಗೈತಿ, ಮೋಡಕಾಕ್ಕ ಹಾಕ್ರಿ” ಎಂದು ಹೇಳಿ ಹೋಗಿದ್ದರು.

ನಾನು ಆಕೆಗೆ ಹೇಳಿದ್ದು ಇಷ್ಟೆ: ಎಲ್ಲವನ್ನೂ ಒಮ್ಮೆಗೇ ಸಂಶಯಪಡಬೇಡ, ದಾರಿಯನ್ನು ನಡುವೆ ಕತ್ತರಿಸಿ ಯಾವ ಅರ್ಧ ಸರಿ ಇದೆ ಎಂದು ಮೊದಲು ನೋಡು.

ಕಾರ್ಡಿನ ಬೆನ್ನಿಗೆ ಒಂದು ಪುಟ್ಟ ಹಸಿರು ದೀಪವಿರುತ್ತದೆ. ಕಾರ್ಡು ಸುಮ್ಮನೆ ಕುಳಿತಾಗಲೂ ತಂತಿಯ ಆಚೆ ತುದಿಗೆ ಸುಮಾರು 16 ಮಿಲಿಸೆಕೆಂಡಿಗೊಮ್ಮೆ ಒಂದು ಸಣ್ಣ ವಿದ್ಯುತ್ ಮಿಡಿತ ಕಳಿಸುತ್ತಿರುತ್ತದೆ, ‘ಇದ್ದೀಯಾ’ ಎಂದು ಕೇಳುವ ಹಾಗೆ. ಆಚೆಯಿಂದಲೂ ಅಂಥ ಮಿಡಿತ ಬಂದರೆ ದೀಪ ಹತ್ತುತ್ತದೆ. ಬಹುತೇಕ ಹಳೆಯ ಕಾರ್ಡುಗಳಲ್ಲಿ ಇದಕ್ಕೆ ವಿಂಡೋಸ್ ಆಗಲಿ ಡ್ರೈವರ್ ಆಗಲಿ ಬೇಕಿಲ್ಲ. ಆದ್ದರಿಂದ ದೀಪ ಹತ್ತಿದರೆ ತಂತಿ ಮತ್ತು ಕಾರ್ಡಿನ ಹೊರ ಅರ್ಧ ಬದುಕಿದೆ ಎಂದು ಅರ್ಥ, ದೋಷವನ್ನು ಒಳಗೆ ಹುಡುಕಬೇಕು. ಹತ್ತದಿದ್ದರೆ ಮೊದಲು ಬೇರೆ ತಂತಿ ಹಾಕಿ ನೋಡಬೇಕು. ಎರಡು ಹಳೆಯ ಗಣಕಗಳನ್ನು ನೇರವಾಗಿ ಜೋಡಿಸುವಾಗ ಒಂದರ ಬಾಯಿ ಇನ್ನೊಂದರ ಕಿವಿಗೆ ಬರುವಂತೆ 1ನೆಯ ಎಳೆಯನ್ನು 3ಕ್ಕೆ, 2ನೆಯದನ್ನು 6ಕ್ಕೆ ಅದಲುಬದಲು ಮಾಡಿದ ‘ಕ್ರಾಸ್’ ತಂತಿ ಬೇಕಾಗುತ್ತದೆ. ಇತ್ತೀಚಿನ ಲ್ಯಾಪ್‌ಟಾಪುಗಳು ಇದನ್ನು ತಾವೇ ಸರಿಪಡಿಸಿಕೊಳ್ಳುತ್ತವೆ. ಇನ್ನೊಂದು ಸೋಜಿಗವೆಂದರೆ, 1990ರಲ್ಲಿ ಗೊತ್ತುಪಡಿಸಿದ ಸೆಕೆಂಡಿಗೆ 10 ಮೆಗಾಬಿಟ್ ವೇಗದ ಪದ್ಧತಿಯನ್ನು ಇಂದಿನ ಬಹುತೇಕ ಯಂತ್ರಗಳೂ ಬಲ್ಲವು. ಹಿರಿಯರ ಜೊತೆ ನಿಧಾನ ಮಾತಾಡುವ ಮೊಮ್ಮಕ್ಕಳಂತೆ ವೇಗ ತಗ್ಗಿಸಿಕೊಳ್ಳುತ್ತವೆ.

ಹುಡುಗಿಯ ಗಣಕದಲ್ಲಿ ದೀಪ ಹತ್ತಿತು. ಅಂದರೆ “ಕಾರ್ಡು ಹೋಗೈತಿ” ಎಂಬ ಮಾತಿಗೆ ಅಲ್ಲೇ ಅರ್ಧ ಬಲ ಹೋಯಿತು.

ಮುಂದೆ ಕಾರ್ಡಿನ ಹಲ್ಲುಗಳು. ನಮ್ಮ ಹಾನಗಲ್ಲಿನ ಕಡೆ ಮಳೆಗಾಲದ ತೇವ, ಸವಣೂರಿನ ಕಡೆ ಬೇಸಿಗೆಯ ಧೂಳು, ಅಂಗಡಿಯಲ್ಲಾದರೆ ಗೊಬ್ಬರದ ಪುಡಿ ಬೇರೆ. ಲೋಹದ ಹಲ್ಲುಗಳ ಮೇಲೆ ತೆಳುವಾದ ಪದರು ಕಟ್ಟಿ ಸಂಪರ್ಕ ಸಡಿಲಾಗುತ್ತದೆ. ವಿದ್ಯುತ್ ಪ್ಲಗ್ ಕಿತ್ತು, ಗಣಕದ ಲೋಹದ ಚೌಕಟ್ಟನ್ನು ಒಮ್ಮೆ ಮುಟ್ಟಿ ಮೈಮೇಲಿನ ಸ್ಥಿರವಿದ್ಯುತ್ತನ್ನು ಇಳಿಸಿಕೊಂಡು, ಕಾರ್ಡು ತೆಗೆದು, ಪೆನ್ಸಿಲ್ ಅಳಿಸುವ ಮೆತ್ತನೆಯ ರಬ್ಬರಿನಿಂದ ಹಗುರಾಗಿ ಉಜ್ಜಿದರೆ ಸಾಕು. ಮರಳುಕಾಗದ ಬೇಡವೇ ಬೇಡ, ಚಿನ್ನದ ಲೇಪ ಹೋಗುತ್ತದೆ. ಪಾಲಕರೆ, ಮಕ್ಕಳು ಇಷ್ಟನ್ನು ಮಾಡಿದರೆ ಹೆದರಬೇಡಿ. ಆದರೆ ವಿದ್ಯುತ್ ತಂತಿ ಬಂದು ಸೇರುವ ಮುಚ್ಚಿದ ಪೆಟ್ಟಿಗೆಯನ್ನು ಮಾತ್ರ ಯಾರೂ ಬಿಚ್ಚಕೂಡದು. ಪ್ಲಗ್ ಕಿತ್ತ ಮೇಲೂ ಅದರ ಕೆಪ್ಯಾಸಿಟರುಗಳಲ್ಲಿ ಅಪಾಯಕಾರಿ ವಿದ್ಯುತ್ತು ನಿಂತಿರುತ್ತದೆ.

ಇಷ್ಟಾದರೂ ಕಾರ್ಡು ಮಾತಾಡಲಿಲ್ಲ. ಡಿವೈಸ್ ಮ್ಯಾನೇಜರ್ ತೆರೆದರೆ ಅದರ ಹೆಸರಿನ ಮುಂದೆ ಹಳದಿ ಆಶ್ಚರ್ಯಸೂಚಕ ಚಿಹ್ನೆ. ಇಲ್ಲಿಂದ ಮುಂದಿನದು ನಿಜವಾಗಿ ರುಚಿಕರವಾದ ಭಾಗ.

ಹೆಡ್ ಮಾಸ್ತರರ ಕೋಣೆಯಲ್ಲಿ 16 ಗಂಟೆಗಳಿವೆ, ಒಂದೊಂದು ತರಗತಿಗೆ ಒಂದೊಂದು, ಎಂದುಕೊಳ್ಳಿ. ಗಂಟೆ ಬಾರಿಸಿದ ತರಗತಿಗೆ ಅವರು ಎದ್ದು ಹೋಗುತ್ತಾರೆ. ಹಳೆಯ ಗಣಕದಲ್ಲಿ ಇಂಥ ಕರೆಗಂಟೆಗಳು 0ಯಿಂದ 15ರವರೆಗೆ ಇವೆ, ಐ.ಆರ್.ಕ್ಯೂ. ಎನ್ನುತ್ತಾರೆ. ಕೀಲಿಮಣೆಗೆ 1, ಎರಡನೆಯ ಸೀರಿಯಲ್ ಪೋರ್ಟಿಗೆ 3, ಮೊದಲನೆಯದಕ್ಕೆ 4, ಹೀಗೆ. ಆ ಕಾಲದಲ್ಲಿ ಅಗ್ಗದ ಕಾರ್ಡುಗಳೆಲ್ಲ ನೋವೆಲ್ ಕಂಪನಿಯ ಎನ್‌ಇ2000 ಎಂಬ ಮಾದರಿಯನ್ನು ಅನುಕರಿಸುತ್ತಿದ್ದವು. ಆ ಮೂಲ ಕಾರ್ಡು ಕಾರ್ಖಾನೆಯಿಂದ ಬರುವಾಗಲೇ 3ನೆಯ ಗಂಟೆ ಹಿಡಿದುಕೊಂಡು ಬರುತ್ತಿತ್ತು. ಎರಡು ತರಗತಿಗೆ ಒಂದೇ ಗಂಟೆಯಾದರೆ ಹೆಡ್ ಮಾಸ್ತರರು ಎಲ್ಲಿಗೆ ಹೋಗಬೇಕು? ಜಗಳ ಅಲ್ಲಿದೆ.

ಬಯಾಸ್ ಎಂಬ ಮೂಲ ಹೊಂದಾಣಿಕೆಯ ಪರದೆಗೆ ಹೋಗಿ, ಯಾರೂ ಬಳಸದ ಎರಡನೆಯ ಸೀರಿಯಲ್ ಪೋರ್ಟನ್ನು ಮುಚ್ಚಲು ಹೇಳಿದೆ. ಹಳದಿ ಚಿಹ್ನೆ ಮಾಯವಾಯಿತು. ಮರುದಿನ ಫೋನು ಬಂತು. “ಸರ್, ನಿನ್ನೆ ನಡದಿತ್ತು, ಇವತ್ತ ಮುಂಜಾನೆ ಮತ್ತ ನಿಂತೈತ್ರಿ.”

ನಿನ್ನೆ ಸರಿ, ರಾತ್ರಿ ಕಳೆದರೆ ಕೆಡುತ್ತದೆ. ಹಾಗಾದರೆ ರಾತ್ರಿ ಏನಾಯಿತು? ಪ್ಲಗ್ ಕಿತ್ತಿಟ್ಟಿದ್ದರು, ಅಷ್ಟೆ. ಪರದೆಯ ಮೇಲಿನ ತಾರೀಖು ನೋಡು ಎಂದೆ. 1980ರ ಜನವರಿ 1 ಎಂದಳು. ಅಷ್ಟು ಸಾಕಾಯಿತು. ಬಯಾಸ್ ತನ್ನ ಹೊಂದಾಣಿಕೆಗಳನ್ನು ನೆನಪಿಟ್ಟುಕೊಳ್ಳಲು ಮದರ್‌ಬೋರ್ಡಿನ ಮೇಲೆ ಒಂದು ಗುಂಡಿಯಾಕಾರದ ಸೆಲ್ ಇರುತ್ತದೆ, ಸಿಆರ್2032 ಎಂದು ಅದರ ಗುರುತು, 3 ವೋಲ್ಟ್. ಅದು ಖಾಲಿಯಾಗಿತ್ತು. ಕರೆಂಟು ಹೋದಾಗಲೆಲ್ಲ ಬಯಾಸ್ ಎಲ್ಲ ಮರೆತು, ಮುಚ್ಚಿದ್ದ ಪೋರ್ಟನ್ನು ಮತ್ತೆ ತೆರೆಯುತ್ತಿತ್ತು. ಹಿಂದೆ ಯಾರೋ ಜಾಣರು ಇದೇ ಪೋರ್ಟನ್ನು ಮುಚ್ಚಿ ಕಾರ್ಡು ನಡೆಸಿದ್ದಿರಬೇಕು. ಸೆಲ್ ಸತ್ತ ದಿನ ಕಾರ್ಡೂ ಸತ್ತಂತೆ ಕಂಡಿತು. ಕೈಗಡಿಯಾರದ ಅಂಗಡಿಯಲ್ಲಿ ಅಲ್ಪ ಬೆಲೆಗೆ ಸಿಗುವ ಒಂದು ಸೆಲ್ಲಿನ ಸಲುವಾಗಿ ಹದಿನೆಂಟು ವರ್ಷದ ಲೆಕ್ಕ ಮೋಡಕಾಕ್ಕೆ ಹೋಗುವುದರಲ್ಲಿತ್ತು.

ಪಿಂಗ್ ಪರೀಕ್ಷೆಯ ಬಗ್ಗೆ ಒಂದು ಮಾತು. 127.0.0.1 ಎಂಬ ಸಂಖ್ಯೆಗೆ ಪಿಂಗ್ ಮಾಡಿ ಉತ್ತರ ಬಂದರೆ ಕಾರ್ಡು ಸರಿ ಇದೆ ಎಂದು ಕೆಲವು ಗಣಕ ತರಬೇತಿಗಳಲ್ಲಿ ಕಲಿಸುತ್ತಾರೆ. ಹಾಗಲ್ಲ. ಆ ಸಂದೇಶ ಕಾರ್ಡಿನವರೆಗೆ ಹೋಗುವುದೇ ಇಲ್ಲ, ತಂತ್ರಾಂಶದೊಳಗೇ ತಿರುಗಿ ಬರುತ್ತದೆ. ಆಚೆಯ ಗಣಕದ ಸಂಖ್ಯೆಗೆ ಪಿಂಗ್ ಮಾಡಿದಾಗಲೇ ಕಾರ್ಡಿನ ಪರೀಕ್ಷೆ.

ನಿಜವಾಗಿ ಸತ್ತ ಕಾರ್ಡುಗಳೂ ಇರುತ್ತವೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಗುಡುಗುಮಳೆಯಲ್ಲಿ ಹತ್ತಿರ ಸಿಡಿಲು ಬಿದ್ದರೆ ಉದ್ದನೆಯ ತಂತಿಯಲ್ಲಿ ಪ್ರೇರಿತ ವಿದ್ಯುತ್ತು ಹುಟ್ಟುತ್ತದೆ. ಕಾರ್ಡಿನಲ್ಲಿರುವ ಪುಟ್ಟ ಟ್ರಾನ್ಸ್‌ಫಾರ್ಮರು 1500 ವೋಲ್ಟಿನವರೆಗೆ ತಡೆಯಬೇಕೆಂದು ನಿಯಮವಿದೆ, ಸಿಡಿಲಿನ ಮುಂದೆ ಅದು ಏನೂ ಅಲ್ಲ. ಮೋಡ ಕಟ್ಟಿದಾಗ ಪ್ಲಗ್ಗಿನ ಜೊತೆ ನೆಟ್‌ವರ್ಕ್ ತಂತಿಯನ್ನೂ ಕಿತ್ತಿಡಬೇಕು.

ಆಮೇಲೆ ಹುಡುಗಿ ಹಳೆಯ ಗಣಕಕ್ಕೆ 192.168.0.1, ಅಣ್ಣನ ಲ್ಯಾಪ್‌ಟಾಪಿಗೆ 192.168.0.2 ಎಂದು ಸಂಖ್ಯೆ ಕೊಟ್ಟು, ಎರಡನ್ನೂ ನೇರ ತಂತಿಯಿಂದ ಜೋಡಿಸಿದಳು. ವಿಂಡೋಸ್ 98ರ ಕಡತ ಹಂಚಿಕೆಯ ಹಳೆಯ ಪದ್ಧತಿಯನ್ನು ಭದ್ರತೆಯ ಕಾರಣಕ್ಕೆ 2017ರಿಂದ ಹೊಸ ವಿಂಡೋಸುಗಳು ತಾವಾಗಿ ಒಪ್ಪುವುದಿಲ್ಲ. ಅದಕ್ಕೇ ಲ್ಯಾಪ್‌ಟಾಪಿನಲ್ಲಿ ಸಣ್ಣ ಎಫ್‌ಟಿಪಿ ಸರ್ವರ್ ತಂತ್ರಾಂಶ ಹಾಕಿಕೊಂಡಳು. ಹಳೆಯದರಲ್ಲಿ ಎಫ್‌ಟಿಪಿ ಆದೇಶ ಮೊದಲೇ ಇರುತ್ತದೆ. ಇಂಥ ಹಳೆಯ ಯಂತ್ರವನ್ನು ಇಂಟರ್‌ನೆಟ್ಟಿಗೆ ಮಾತ್ರ ಜೋಡಿಸಬಾರದು, ಅದಕ್ಕೆ ಈಗಿನ ವೈರಸ್ಸುಗಳನ್ನು ತಡೆಯುವ ಶಕ್ತಿ ಇಲ್ಲ. ಒಟ್ಟು ಲೆಕ್ಕ 40 ಮೆಗಾಬೈಟ್ ಇತ್ತು. ಚಹಾ ಕಾಯಿಸುವಷ್ಟರಲ್ಲಿ ದಾಟಿತು.

ಖಾತೆ ತೆರೆದು ನೋಡಿದರೆ ಆ ರೈತರ ಹೆಸರಿನಲ್ಲಿ ಎರಡು ಕಂತಿನ ಜಮಾ ಇತ್ತು, ಹೊಸ ಪುಸ್ತಕಕ್ಕೆ ಇಳಿಸುವಾಗ ಒಂದು ಬಿಟ್ಟುಹೋಗಿತ್ತು. ತಂದೆ ಅದರ ಪ್ರತಿ ತೆಗೆಸಿಕೊಂಡು ಸಂಜೆಯೇ ಅವರ ಹೊಲದ ಮನೆಗೆ ಹೋಗಿಬಂದರಂತೆ.