ಸಿಡ್ನಿಯ ಒಂದು ವಠಾರದ ಕಥೆ

ಗೆಳತಿಯರೇ, ಹಳೆಯ ಮನೆ ನೋಡಲು ಹೋದಾಗ ನಿಮ್ಮ ಕಣ್ಣು ಮೊದಲು ಹುಡುಕುವುದು ಏನನ್ನು? ನನಗಂತೂ ಅಡುಗೆಮನೆಯೇ ಆಗಬೇಕು. ಅರಮನೆಗೆ ಹೋದರೂ ಅಷ್ಟೆ. ಸಿಂಹಾಸನ ತೋರಿಸುತ್ತಾರೆ, ಕತ್ತಿ ಗುರಾಣಿ ತೋರಿಸುತ್ತಾರೆ. ಇಷ್ಟು ಜನಕ್ಕೆ ಬೇಯಿಸಿ ಹಾಕಿದ ಒಲೆ ಎಲ್ಲಿ ಅಂದರೆ ಯಾರಿಗೂ ಗೊತ್ತಿರುವುದಿಲ್ಲ!

ಆದರೆ ಒಲೆಯ ಜಾಗವನ್ನೂ, ಬಟ್ಟೆ ಒಗೆಯುವ ಹಿತ್ತಲನ್ನೂ ಜೋಪಾನ ಮಾಡಿದ ಒಂದು ವಠಾರ ಆಸ್ಟ್ರೇಲಿಯಾದ ಸಿಡ್ನಿಯಲ್ಲಿದೆ. ಹೆಸರು ಸುಸಾನಾ ಪ್ಲೇಸ್. ಬಂದರಿನ ಪಕ್ಕದ 'ದಿ ರಾಕ್ಸ್' ಎಂಬ ಹಳೆಯ ಬಡಾವಣೆಯಲ್ಲಿ, ಗ್ಲೌಸ್ಟರ್ ಬೀದಿಯಲ್ಲಿ, ಗೋಡೆಗೆ ಗೋಡೆ ಅಂಟಿಕೊಂಡ ನಾಲ್ಕು ಇಟ್ಟಿಗೆ ಮನೆಗಳು. ಐರ್ಲೆಂಡಿನಿಂದ ವಲಸೆ ಬಂದ ಎಡ್ವರ್ಡ್ ಮತ್ತು ಮೇರಿ ರೈಲಿ ದಂಪತಿ 1844ರಲ್ಲಿ ಕಟ್ಟಿಸಿದರು. ಜೊತೆಗೆ ಕರೆತಂದಿದ್ದ ಬಂಧುವಿನ ಮಗಳು ಸುಸಾನಾ. ಅವಳ ಹೆಸರೇ ವಠಾರಕ್ಕೆ.

ನೆಲಮಾಳಿಗೆಯಲ್ಲಿ ಅಡುಗೆ, ಮೇಲೆ ಮಲಗುವ ಕೋಣೆ, ಹಿತ್ತಲಲ್ಲಿ ಒಗೆಯುವ ಜಾಗ, ಪಾಯಖಾನೆ. ಮೂಲೆಯ ಮನೆಯಲ್ಲಿ ದಿನಸಿ ಅಂಗಡಿ. ನೀರು, ಸೌದೆ, ಕೂಸು ಹೊತ್ತು ದಿನಕ್ಕೆ ಎಷ್ಟು ಸಲ ಮೆಟ್ಟಿಲು ಹತ್ತಿ ಇಳಿಯಬೇಕಿತ್ತೋ, ಆ ಹೆಂಗಸರ ಮೊಣಕಾಲಿಗೇ ಗೊತ್ತು! 1990ರವರೆಗೆ ಇಲ್ಲಿ ನೂರಕ್ಕೂ ಹೆಚ್ಚು ಸಂಸಾರಗಳು ಬಾಳಿದವು.

ಈ ಮನೆಗಳು ಉಳಿದದ್ದೇ ಒಂದು ಪವಾಡ. 1900ರಲ್ಲಿ ಸಿಡ್ನಿಗೆ ಪ್ಲೇಗು ಬಂದು 103 ಜನ ಸತ್ತರು. ಸರ್ಕಾರ ಬಡಾವಣೆಯನ್ನೇ ವಶಕ್ಕೆ ತೆಗೆದುಕೊಂಡು ಎಷ್ಟೋ ಮನೆಗಳನ್ನು ಕೆಡವಿಸಿತು. 1932ರಲ್ಲಿ ತೆರೆದ ಹಾರ್ಬರ್ ಸೇತುವೆಗಾಗಿ ಇನ್ನಷ್ಟು ಹೋದವು. ಆಮೇಲೆ ಅಳಿದುಳಿದದ್ದನ್ನೂ ಕೆಡವಿ ಆಕಾಶ ಮುಟ್ಟುವ ಕಟ್ಟಡ ಎಬ್ಬಿಸುವ ಯೋಜನೆ.

ತಡೆದವರು ಯಾರು ಅಂತೀರಿ? ಈ ಕಥೆ ಶುರುವಾಗುವುದು ಗೃಹಿಣಿಯರಿಂದ. ಅದೇ ನಗರದ ಹಂಟರ್ಸ್ ಹಿಲ್‌ನ 13 ಹೆಂಗಸರು ತಮ್ಮೂರಿನ ಕೆಲ್ಲೀಸ್ ಬುಷ್ ಎಂಬ ಕುರುಚಲು ಕಾಡು ಉಳಿಸಲು ಎಲ್ಲರ ಬಾಗಿಲು ತಟ್ಟಿ ಸೋತು, ಕಡೆಗೆ ಕಟ್ಟಡ ಕೂಲಿಗಳ ಸಂಘಕ್ಕೆ ಹೋದರು. ಸಂಘದ ಮುಂದಾಳು ಜಾಕ್ ಮಂಡಿ. 1971ರಲ್ಲಿ ಕೂಲಿಗಳು "ಅಲ್ಲಿ ನಾವು ಕೆಲಸ ಮಾಡೋದಿಲ್ಲ" ಎಂದುಬಿಟ್ಟರು. ಇದಕ್ಕೆ 'ಹಸಿರು ನಿಷೇಧ' ಎಂಬ ಹೆಸರಾಯಿತು. ಆಮೇಲೆ ರಾಕ್ಸ್‌ನ ನಿವಾಸಿಗಳೂ ಅದೇ ದಾರಿ ಹಿಡಿದರು. ಅವರ ಮುಂದಾಳೂ ಒಬ್ಬ ಹೆಂಗಸೇ, ನೀಟಾ ಮೆಕ್ರೇ. ಹಾರೆ ಹಿಡಿಯುವ ಕೈಯೇ ಒಲ್ಲೆ ಅಂದ ಮೇಲೆ ಗೋಡೆ ಬೀಳುವುದು ಹೇಗೆ? ಬಡಾವಣೆಯ ಬಹುಭಾಗ ಉಳಿಯಿತು.

1993ರಲ್ಲಿ ಸುಸಾನಾ ಪ್ಲೇಸ್ ವಸ್ತುಸಂಗ್ರಹಾಲಯವಾಯಿತು. ಅದಕ್ಕಾಗಿ ಮನೆಗೆ ಹೊಸ ಬಣ್ಣ ಬಳಿದು ಥಳಥಳ ಮಾಡಲಿಲ್ಲ. ಒಂದರ ಮೇಲೊಂದು ಅಂಟಿಸಿದ ಗೋಡೆಕಾಗದ, ಸವೆದ ಲಿನೋಲಿಯಂ, ಸುಲಿದ ಬಣ್ಣ, ಎಲ್ಲವನ್ನೂ ಇದ್ದಂತೆಯೇ ಬಿಟ್ಟರು. ಪ್ರತಿಯೊಂದು ಪದರವೂ ಒಬ್ಬ ಬಾಡಿಗೆಯಾಕೆ ತನ್ನ ಮನೆ ಚೆಂದ ಕಾಣಲಿ ಅಂತ ಪಟ್ಟ ಆಸೆಯಲ್ಲವೇ?

"ನಮ್ಮ ಮನೆಯಲ್ಲೇನಿದೆ ಮಹಾ ಇತಿಹಾಸ?" ಅನ್ನಬೇಡಿ. ಹಳೆಯ ಮನೆ ಕೆಡವಲೇಬೇಕಾದರೆ ಕೆಡವಿ. ಸೋರುವ ಮಾಡಿನ ಕೆಳಗೆ ಬಾಳಿ ಎಂದು ನಾನು ಹೇಳಲಾರೆ. ಆದರೆ ಅದಕ್ಕೆ ಮುಂಚೆ ಅತ್ತೆಯವರನ್ನೋ ಅಜ್ಜಿಯನ್ನೋ ಕೂರಿಸಿಕೊಂಡು, ಒಲೆ ಎಲ್ಲಿತ್ತು, ಬಾಣಂತಿ ಕೋಣೆ ಯಾವುದು, ಯಾರು ಯಾವಾಗ ಆ ಹೊಸ್ತಿಲು ತುಳಿದು ಬಂದರು ಎಂದು ಕೇಳಿ ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಫೋಟೋ ತೆಗೆಯುವಾಗ ಮುಂಬಾಗಿಲಷ್ಟೇ ಸಾಲದು, ಹಿತ್ತಲಿನ ಒಗೆಯುವ ಕಲ್ಲೂ ಬರಲಿ. ಗೋಡೆಯನ್ನು ಆಮೇಲೂ ಕಟ್ಟಬಹುದು. ಅಜ್ಜಿಯ ನೆನಪು ಹೋದರೆ ಹೋಯಿತು.